ಗುಂಡನ ಕುಂಚಿಗೆ: ಎರಡು ಸಲ ಹೆಣೆದ ಒಂದು ಕೌಲ್‌ನ ಕಥೆ

ಮೊದ್ಲೇ ಹೇಳ್ಬಿಡ್ತೀನಿ, ನಮ್ಮ ನಾಯಿ ಹೆಸ್ರು ಗುಂಡ, ಆದ್ರೆ ಅವನ ಮೈಯಲ್ಲಿ ಗುಂಡಗಿರೋದು ಕಣ್ಣೆರಡೇ. ಮುಧೋಳ ನಾಯಿ, ಪೂರ್ತಿ ಮುಧೋಳವೋ ಬೆರಕೆಯೋ ದೇವರಿಗೇ ಗೊತ್ತು, ಯಾರೋ ಫ್ಲ್ಯಾಟಲ್ಲಿ ಸಾಕಕ್ಕಾಗ್ದೆ ಬಿಟ್ಟೋಗಿದ್ರು, ನಾವು ತಂದ್ಕೊಂಡ್ವಿ. ಪಕ್ಕೆಲುಬು ಎಣಿಸ್ಬಹುದು, ಕೂದ್ಲು ಅಂದ್ರೆ ವೆಲ್ವೆಟ್ ಬಟ್ಟೆ ಮೇಲಿರತ್ತಲ್ಲ ಅಷ್ಟೇ, ಕೊಬ್ಬು ಇಲ್ಲವೇ ಇಲ್ಲ, ಕತ್ತು ಮಾತ್ರ ಉದ್ದ. ಬಾಗಲಕೋಟೆ ಬಿಸಿಲಲ್ಲಿ ಮೊಲದ ಹಿಂದೆ ಓಡಕ್ಕೆ ಅಂತ ಆಗಿರೋ ಮೈ ಅದು. 2005ರಲ್ಲಿ ಅಂಚೆ ಇಲಾಖೆಯವ್ರು ಸ್ಟ್ಯಾಂಪ್ ಬೇರೆ ಹಾಕಿದ್ರು ಈ ತಳಿಗೆ. ಅಂಥಾ ವೀರ ನಮ್ಮನೇಲಿ ಕಾರ್ತಿಕ ಮಾಸ ಶುರುವಾದ್ರೆ ಬೆಳಗ್ಗೆ ಆರಕ್ಕೆ ಗೇಟ್ ದಾಟಲ್ಲ, ಮೆಟ್ಲ ಮೇಲೆ ನಿಂತು ಗಡಗಡ ನಡುಗಿ ನನ್ ಮುಖ ನೋಡ್ತಾನೆ.

ಬೆಂಗಳೂರಲ್ಲಿ ಏನ್ರೀ ಚಳಿ ಅಂತ ಆಫೀಸಲ್ಲಿ ಉತ್ತರದ ಕಡೆಯೋರೆಲ್ಲ ನಗ್ತಾರೆ. ನಗ್ಲಿ. ಇದೇ ಊರಲ್ಲಿ 1884ರ ಜನವರಿ 13ಕ್ಕೆ 7.8 ಡಿಗ್ರಿಗೆ ಇಳಿದಿತ್ತು, ಇವತ್ತಿಗೂ ಅದೇ ದಾಖಲೆ. ಈಗ ಅಷ್ಟಿಲ್ಲ ಬಿಡಿ, ಆದ್ರೂ ಡಿಸೆಂಬರ್ ಬೆಳಗಿನ ಜಾವ ಹದಿನೈದು ಹದಿನಾರು ಡಿಗ್ರಿ, ಜೊತೆಗೆ ಆ ಒದ್ದೆ ಗಾಳಿ, ಕೊಬ್ಬಿಲ್ಲದ ನಾಯಿಗೆ ಸಾಕು. ಅಂಗಡೀಲಿ ಸಿಗೋ ನಾಯಿ ಸ್ವೆಟರ್ ಎರಡು ತಂದು ನೋಡಿದ್ವಿ, ಹೊಟ್ಟೆ ಹತ್ರ ಜೋಲು, ಎದೆ ಹತ್ರ ಬಿಗಿ, ಕತ್ತು ಪೂರ್ತಿ ಖಾಲಿ. ಇಂಥಾ ಉದ್ದ ಕತ್ತಿನ ನಾಯಿಗಳಿಗೆ ಕತ್ತಿಗೊಂದು ಕೊಳವೆ ಹಾಕಿದ್ರೆ ಅರ್ಧ ಚಳಿ ಹೋಗತ್ತೆ ಅನ್ನಿಸ್ತು. ಕೌಲ್ ಅಂದ್ರೆ ಅಷ್ಟೇ, ಮಫ್ಲರಿನ ಎರಡು ತುದಿ ಸೇರಿಸಿ ಹೊಲಿದಂಗೆ. ನನಗೆ ನಿಟ್ಟಿಂಗ್ ಬರತ್ತೆ, ಅಮ್ಮ ಕಲಿಸಿದ್ದು, ಸೀದಾ ಉಲ್ಟಾ ಎರಡೂ ಗೊತ್ತು, ಮಗುವಿನ ಸಾಕ್ಸ್ ಟೋಪಿ ಎಲ್ಲಾ ಹಾಕಿದೀನಿ. ಎರಡು ಬಣ್ಣ ಒಟ್ಟಿಗೆ ಹಿಡಿದು ಚಿತ್ರ ಬರೋ ಹಾಗೆ ಹೆಣೆಯೋದು ಮಾತ್ರ ಯಾವತ್ತೂ ಮಾಡಿರ್ಲಿಲ್ಲ. ಅದನ್ನ ನಾಯಿ ಮೇಲೆ ಪ್ರಯೋಗ ಮಾಡೋಣ, ಕೆಟ್ಟೋದ್ರೆ ಅವನೇನು ಯಾರ್ ಹತ್ರಾನೂ ಹೇಳಲ್ಲ ಅಂತ ಧೈರ್ಯ.

ಡಿಸೈನ್ ಎಲ್ಲಿಂದ ಅಂತ ಯೋಚನೆ ಮಾಡೋ ಹಾಗೇ ಇರ್ಲಿಲ್ಲ, ನಮ್ಮತ್ತೆ ಇಳಕಲ್ ಕಡೆಯವ್ರು, ಕಸೂತಿ ಕೈ. ಮುಧೋಳವೂ ಇಳಕಲ್ಲೂ ಒಂದೇ ಜಿಲ್ಲೆ, ಗುಂಡನಿಗೂ ನಮ್ಮತ್ತೆಗೂ ಒಂದೇ ಊರಿನ ನಂಟು ಅಂತ ನಮ್ಮೋರು ಯಾವಾಗ್ಲೂ ಅಣಕಿಸ್ತಿರ್ತಾರೆ. ಇಳಕಲ್ ಸೆರಗಿನ ಕೆಂಪು ಬಿಳಿ, ಟೋಪ್ ತೆನಿ ಅಂತಾರಲ್ಲ ಸೆರಗಿನ ಆ ಹಲ್ಲು ಹಲ್ಲಿನ ಸಾಲು, ಅದಕ್ಕೆ ಕಸೂತಿಯಿಂದ ಒಂದು ಆನೆ, ಸಾಕು ಅಂದ್ಕೊಂಡೆ. ಅತ್ತೆಗೆ ಹೇಳಿದ್ದಕ್ಕೆ, "ಏನವಾ, ನಾಯಿಗೆ ಸೆರಗ ಹೊದಿಸ್ತಿ ಏನ?" ಅಂದ್ರು. ಆಮೇಲೆ ನಾನು ಕೌಲ್ ಅಂದ್ರೆ ಏನು ಅಂತ ಕೈಯಲ್ಲಿ ತೋರಿಸ್ದಾಗ, "ಅಯ್ಯ, ಕುಂಚಿಗಿ ಅನ್ನು, ನಮ್ಮ ಕಡೆ ಕೂಸಿಗೆ ಹಾಕ್ತಾರಲ್ಲ" ಅಂದ್ಬಿಟ್ರು. ಕುಂಚಿಗೆ ಅಂದ್ರೆ ತಲೆ, ಕಿವಿ, ಬೆನ್ನು ಮುಚ್ಚೋದು, ಇದು ಬರೀ ಕತ್ತಿಗೆ, ಆದ್ರೂ ಅವತ್ತಿಂದ ಮನೇಲಿ ಅದಕ್ಕೆ ಕುಂಚಿಗೆ ಅಂತಲೇ ಹೆಸ್ರು.

ಕಡ್ಡಿ ವಿಷ್ಯ ಒಂದು ಹೇಳ್ಬೇಕು, ಎಷ್ಟೋ ಜನ ಇಲ್ಲೇ ಎಡವೋದು. ಅಮ್ಮನ ಹಳೇ ಡಬ್ಬಿಯಲ್ಲಿರೋ ಕಡ್ಡಿ ಮೇಲೆ 8 ಅಂತ ಇದೆ. ನಾನು ನೋಡಿಟ್ಕೊಂಡಿದ್ದ ಒಂದು ಅಮೆರಿಕದ ಪ್ಯಾಟರ್ನಲ್ಲೂ 8ನೇ ನಂಬರ್ ಅಂತ ಇತ್ತು. ಸರಿಹೋಯ್ತು ಅಂತ ಕೂತು ಹೆಣೆದ್ರೆ ಸ್ಯಾಂಪಲ್ ಹಲಗೆ ಥರ ಬಂತು, ನಿಲ್ಲಿಸಿದ್ರೆ ನಿಲ್ಲತ್ತೆ. ನಮ್ಮಲ್ಲಿ ಹಿಂದಿನಿಂದ ನಡ್ಕೊಂಡು ಬಂದಿರೋದು ಬ್ರಿಟಿಷ್ ನಂಬರು, ಅದ್ರಲ್ಲಿ 8 ಅಂದ್ರೆ 4 ಮಿಲಿಮೀಟರ್, ನಂಬರ್ ಜಾಸ್ತಿಯಾದಷ್ಟೂ ಕಡ್ಡಿ ಸಣ್ಣ. ಅಮೆರಿಕದ್ದು ಉಲ್ಟಾ, ಅವರ 8 ಅಂದ್ರೆ 5 ಮಿಲಿಮೀಟರ್, ನಂಬರ್ ಜಾಸ್ತಿಯಾದ್ರೆ ದಪ್ಪ. ನಮ್ಮ 10 ಅಂದ್ರೆ 3.25, ಅವರ 10 ಅಂದ್ರೆ 6. ನಂಬರೇ ನೋಡ್ಬೇಡಿ, ಮಿಲಿಮೀಟರ್ ನೋಡಿ ತಗೊಳಿ. ಸರ್ಕ್ಯುಲರ್ ಕಡ್ಡಿ, ಅಂದ್ರೆ ಎರಡು ಕಡ್ಡಿ ಮಧ್ಯ ವೈರ್ ಇರೋದು, 80 ಸೆಂಟಿಮೀಟರಿಂದು ತರ್ಸಿದೆ. ಕತ್ತಿನ ಕೊಳವೆ ಸಣ್ಣದಲ್ವಾ, ವೈರನ್ನ ಮಧ್ಯದಿಂದ ಲೂಪ್ ಥರ ಎಳೆದು ಅರ್ಧರ್ಧ ಸುತ್ತು ಹೆಣೆಯೋದು, ಮ್ಯಾಜಿಕ್ ಲೂಪ್ ಅಂತಾರೆ, ಒಂದಿನ ಅಭ್ಯಾಸ ಆದ್ರೆ ಸಾಕು.

ಉಲ್ಲನ್‌ಗೆ ಅವೆನ್ಯೂ ರೋಡ್ ಕಡೆ ಹೋದೆ. ನ್ಯಾಷನಲ್ ಕಾಲೇಜಿಂದ ಹಸಿರು ಮೆಟ್ರೋ ಹತ್ತಿ ಚಿಕ್ಕಪೇಟೇಲಿ ಇಳಿದ್ರೆ ಆಮೇಲೆ ಎಲ್ಲಾ ಓಣಿ ಓಣಿ ನಡಿಗೆ, ಒಂದ್ ಕಡೆ ಸೀರೆ, ಒಂದ್ ಕಡೆ ಲೇಸು ಗುಂಡಿ, ಒಂದ್ ಕಡೆ ಪುಸ್ತಕ. ಅಂಗಡಿಯವ್ರು "ಎಷ್ಟು ತಿಂಗಳ ಮಗು ಮೇಡಂ?" ಅಂದ್ರು. ನಾಯಿಗೆ ಅಂದೆ. ಆ ಮನುಷ್ಯ ನಗ್ಲಿಲ್ಲ, ತುಂಬಾ ಸೀರಿಯಸ್ಸಾಗಿ "ಹಾಗಾದ್ರೆ ಬಿಳಿ ಬೇಡ" ಅಂದ್ರು. ಬುದ್ಧಿವಂತ. ನಾನೇ ಕೇಳ್ಲಿಲ್ಲ.

ಮೊದಲ ಸಲ ತಂದಿದ್ದು ಬರೀ ಅಕ್ರಿಲಿಕ್, ಕೆಂಪು, ಬಿಳಿ, ಜೊತೆಗೆ ಹಸಿರು. ಹಸಿರು ಅತ್ತೆ ಆಸೆ, ಕೆಂಪಿನ ಪಕ್ಕ ಹಸಿರು ಇದ್ರೆ ಲಕ್ಷಣ ಅಂತ. ಕಣ್ಣಿಗೆ ನೋಡಿದ್ರೆ ಚೆನ್ನಾಗೇ ಇತ್ತು. ಆದ್ರೆ ಉಂಡೆಗಳನ್ನ ಪಕ್ಕಪಕ್ಕ ಇಟ್ಟು ಫೋನಲ್ಲಿ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ ನೋಡಿದ್ರೆ ಕೆಂಪು ಹಸಿರು ಎರಡೂ ಒಂದೇ ಬೂದಿ ಬಣ್ಣ! ಬಣ್ಣ ಬೇರೆ ಇದ್ರೆ ಸಾಲದು, ಒಂದು ತಿಳಿ ಒಂದು ಗಾಢ ಇರ್ಬೇಕು, ಇಲ್ದಿದ್ರೆ ಸಣ್ಣ ಸಣ್ಣ ಡಿಸೈನು ನಾಲ್ಕಡಿ ದೂರದಿಂದ ಕಲಸಿಹೋಗತ್ತೆ. ಈ ಫೋಟೋ ಉಪಾಯ ಎರಡು ನಿಮಿಷದ ಕೆಲಸ, ಇದೊಂದು ಮಾಡದೇ ಕಡ್ಡಿ ಮುಟ್ಬೇಡಿ. ಹಸಿರನ್ನ ಅತ್ತೆಗೆ ತೋರ್ಸಿ ಪಕ್ಕಕ್ಕಿಟ್ಟೆ, ಅವ್ರು ಫೋನ್ ನೋಡಿ "ಹೂಂ, ಫೋನಿಗೆ ಕಣ್ಣಿಲ್ಲ" ಅಂದ್ರು.

ಈಗ ಮೊದಲನೇ ಕುಂಚಿಗೆ ಹೇಗೆ ಕೆಟ್ಟೋಯ್ತು ಅಂತ. ಒಂದಲ್ಲ, ಮೂರು ತಪ್ಪು ಒಟ್ಟಿಗೆ.

ಗುಂಡನ ಕತ್ತಿನ ಸುತ್ತಳತೆ 34 ಸೆಂಟಿಮೀಟರ್. ನಾನು ಅದೊಂದೇ ಅಳೆದಿದ್ದು. ಟೋಪಿ ಸಾಕ್ಸ್ ಹಾಕೋವಾಗ ಸ್ವಲ್ಪ ಕಮ್ಮಿ ಹಾಕ್ತೀವಲ್ಲ, ಎಳ್ಕೊಂಡು ಕೂರತ್ತೆ ಅಂತ, ಅದೇ ಲೆಕ್ಕದಲ್ಲಿ 33 ಸೆಂಟಿಮೀಟರ್ ಬಂದ್ರೆ ಸಾಕು ಅಂದ್ಕೊಂಡೆ. 4 ಮಿಲಿಮೀಟರ್ ಕಡ್ಡೀಲಿ ಒಂದೇ ಬಣ್ಣದಲ್ಲಿ ಹಾಕಿದ ಸ್ಯಾಂಪಲಲ್ಲಿ 10 ಸೆಂಟಿಮೀಟರಿಗೆ 22 ಸ್ಟಿಚ್ ಬಂದಿತ್ತು, ಹಾಗಾಗಿ 72 ಸ್ಟಿಚ್, 24 ಸ್ಟಿಚ್ಚಿನ ಆನೆ ಮೂರು ಕೂರತ್ತೆ, ಲೆಕ್ಕ ಎಷ್ಟು ಚೆನ್ನಾಗಿದೆ ಅಂತ ನನಗೆ ನಾನೇ ಬೆನ್ನು ತಟ್ಕೊಂಡೆ. ಹತ್ತು ದಿನ ಸಂಜೆ ಎಲ್ಲಾ ಕೂತು ಹೆಣೆದೆ. ಮುಗಿದ್ಮೇಲೆ ಗುಂಡನ ತಲೆಗೆ ತೂರಿಸಿದ್ರೆ ಮೂತಿ ಹೋಯ್ತು, ಕಣ್ಣು ಹೋಯ್ತು, ಕಿವಿ ಹತ್ರ ನಿಂತ್ಬಿಡ್ತು. ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಅವನು ಗಾಬರಿಯಾಗಿ ಹಿಂದೆ ಹಿಂದೆ ನಡ್ಕೊಂಡು ಹೋಗಿ ಸೋಫಾಗೆ ಗುದ್ದಿ, ಆಮೇಲೆ ಮುಂಗಾಲಲ್ಲಿ ಕೆರೆದು, ಉಗುರು ಒಳಗಿನ ದಾರಕ್ಕೆ ಸಿಕ್ಕಾಕ್ಕೊಂಡು ಕುಯ್ಯೋ ಅಂದ, ನಮ್ಮೋರು ಬಂದು ಹಿಡ್ಕೊಂಡ್ರು, ನಾನು ಕತ್ತರಿ ತರೋಷ್ಟರಲ್ಲಿ ಹೇಗೋ ಕಳಚಿ ಬಂತು. ಆ ಒಂದು ನಿಮಿಷ ನನ್ ಜೀವ ಬಾಯಿಗೆ ಬಂದಿತ್ತು, ತಮಾಷೆ ಅಲ್ಲ.

ಟೇಪ್ ಹಿಡಿದು ನೋಡಿದ್ರೆ ಕುಂಚಿಗೆ ಸುತ್ತಳತೆ 33 ಅಲ್ಲ, 29ಕ್ಕೂ ಒಂದು ಕೂದಲೆಳೆ ಕಮ್ಮಿ. ಒಂದೇ ಬಣ್ಣದಲ್ಲಿ 22 ಇದ್ದದ್ದು ಎರಡು ಬಣ್ಣದಲ್ಲಿ 25 ಸ್ಟಿಚ್ ಆಗಿ ಕುಗ್ಗಿದೆ. ಯಾಕಂದ್ರೆ ಎರಡು ಬಣ್ಣ ಹಿಡಿದಾಗ ಆ ಕ್ಷಣ ಬೇಡದ ಬಣ್ಣದ ದಾರ ಹಿಂದೆ ಅಡ್ಡಡ್ಡ ಹೋಗತ್ತೆ, ಅದಕ್ಕೆ ಫ್ಲೋಟ್ ಅಂತಾರೆ. ಮುಂದಿನ ಸ್ಟಿಚ್ ಎಳೆಯತ್ತೆ ಬಿಡತ್ತೆ, ಹಿಂದಿನ ಫ್ಲೋಟ್ ಎಳೆಯಲ್ಲ, ಅದು ನೇರ ದಾರ. ಸ್ವಲ್ಪ ಬಿಗಿಯಾಗಿ ಎಳೆದ್ರೂ ಇಡೀ ಬಟ್ಟೆ ಸುಕ್ಕಾಗಿ ಕೂತ್ಬಿಡತ್ತೆ. ಅಂದ್ರೆ ಟೋಪಿ ಸಾಕ್ಸಿನ ಲೆಕ್ಕ ಇಲ್ಲಿ ನಡೆಯಲ್ಲ, ಎಳ್ಕೊಳತ್ತೆ ಅಂತ ನಂಬಿ ಕಮ್ಮಿ ಹಾಕೋ ಹಾಗೇ ಇಲ್ಲ. ಜೊತೆಗೆ ತೂರಬೇಕಾಗಿರೋದು ತಲೆ, ಕತ್ತಲ್ಲ. ಕಿವಿ ಬುಡ, ದವಡೆ ಸೇರಿಸಿ ಅಳೆದ್ರೆ 37 ಸೆಂಟಿಮೀಟರ್. ಮುಧೋಳದಂಥ ನಾಯಿಗಳ ತಲೆ ಕತ್ತಿಗಿಂತ ಸ್ವಲ್ಪವೇ ದೊಡ್ಡದು, ಅದಕ್ಕೇ ಸಾಮಾನ್ಯ ಬೆಲ್ಟು ಇವರಿಗೆ ಸುಲಭವಾಗಿ ಕಳಚ್ಕೊಳತ್ತೆ, ಆ ಸ್ವಲ್ಪವೇ ನನ್ನ ಕುತ್ತಿಗೆಗೆ ಬಂತು. ಬೇರೆ ದಪ್ಪ ತಲೆ ನಾಯಿಯಾಗಿದ್ರೆ ಮೂತಿ ದಾಟ್ತಾನೇ ಇರ್ಲಿಲ್ಲವೇನೋ.

ಆಮೇಲೆ ಇನ್ನೊಂದು ದಡ್ಡತನ ಮಾಡ್ದೆ. ಇಸ್ತ್ರಿ ಹಾಕಿ ಎಳೆದ್ರೆ ಅಗಲ ಆಗತ್ತೇನೋ ಅಂತ. ಅಕ್ರಿಲಿಕ್ ಅಂದ್ರೆ ಪ್ಲಾಸ್ಟಿಕ್ ಸ್ವಾಮಿ, ಬಿಸಿ ನೇರ ತಾಗಿದ ಜಾಗದಲ್ಲಿ ದಾರ ಸತ್ತೋಯ್ತು, ಪುಟಿಯೋದು ಬಿಟ್ಟು ಜೋತುಬಿತ್ತು, ಮೇಲೆ ಹೊಳಪು ಬೇರೆ. ಹಾಕ್ಲೇಬೇಕು ಅಂದ್ರೆ ಇಸ್ತ್ರಿಪೆಟ್ಟಿಗೆ ಮುಟ್ಟಿಸದೆ ಮೇಲಿಂದ ಹಬೆ ಮಾತ್ರ ಬಿಡ್ಬೇಕು. ಈಗ ಅದು ನಮ್ಮೋರ ದೊಡ್ಡ ಫ್ಲಾಸ್ಕಿಗೆ ಅಂಗಿ. ಮೂರು ಆನೆ, ಒಂದರ ಸೊಂಡಿಲು ಹೊಳೀತಿದೆ.

ಆನೆ ವಿಷ್ಯಕ್ಕೆ ಬರ್ತೀನಿ, ಆನೆ ಕೂಡ ಆನೆಯಾಗಿರ್ಲಿಲ್ಲ. ಕೆಟ್ಟ ಕುಂಚಿಗೆಯನ್ನ ಅತ್ತೆ ಕೈಗೆ ಕೊಟ್ರೆ ಮೊದ್ಲು ಮಾಡಿದ್ದೇ ಒಳಮಗ್ಗುಲು ತಿರುಗಿಸಿದ್ದು. ಮುಂದೆ ನೋಡಲೇ ಇಲ್ಲ. "ಹಿಂದ ಹಿಂಗಿದ್ರ ಮುಂದ ಹೆಂಗಾಗತೈತಿ ಹೇಳು?" ಅಂದ್ರು. ಹಿಂದೆ ನೋಡಿದ್ರೆ ವೀಣೆ ತಂತಿ ಥರ ಹನ್ನೊಂದು ಸ್ಟಿಚ್ ಉದ್ದದ ದಾರಗಳು, ಅಲ್ಲಲ್ಲಿ ಗಂಟು. ಕಸೂತಿಯಲ್ಲಿ ಗಂಟು ಹಾಕಲ್ಲ, ಗವಂತಿ ಹೊಲಿಗೆ ಅಂದ್ರೆ ಹೋಗ್ತಾ ಒಂದ್ ಎಳೆ ಬಿಟ್ಟು ಒಂದ್ ಎಳೆ ಹೊಲಿದು, ವಾಪಸ್ ಬರ್ತಾ ಖಾಲಿ ಬಿಟ್ಟಿದ್ದನ್ನ ತುಂಬ್ಕೊಂಡು ಬರೋದು, ಹಿಂದೂ ಮುಂದೂ ಒಂದೇ ಥರ ಕಾಣ್ಬೇಕು. ಅಂಥಾ ಕೈಗೆ ನನ್ನ ಹಿಂಬದಿ ನೋಡಿ ಹೊಟ್ಟೆ ಉರಿದಿರ್ಬೇಕು.

ಅವತ್ತು ರಾತ್ರಿ ಚೌಕಳಿ ಪುಸ್ತಕ ಇಟ್ಕೊಂಡು ಇಬ್ರೂ ಕೂತ್ವಿ. ಅತ್ತೆ ಹೇಳ್ತಾ ಹೋದಂಗೆ ನನಗೆ ಅರ್ಥ ಆಯ್ತು, ಗವಂತಿ ಮತ್ತು ಮುರ್ಗಿ ಎರಡೂ ಗೆರೆ ಎಳೆಯೋ ಹೊಲಿಗೆ, ಚೌಕದ ಅಂಚಲ್ಲಿ ಓಡತ್ತೆ. ನಿಟ್ಟಿಂಗಲ್ಲಿ ಗೆರೆ ಅನ್ನೋದೇ ಇಲ್ಲ, ಇಡೀ ಚೌಕವೇ ಬಣ್ಣ, ಅದೂ ಪ್ರತಿ ಚೌಕ ಒಂದು ಸಣ್ಣ ವಿ ಆಕಾರ. ಆನೆ ಕಾಲಿನ ಸಣ್ಣ ಗೆರೆಯನ್ನ ಒಂದು ಸ್ಟಿಚ್ ಮಾಡಿದ್ರೆ ಅದು ಕಂಬ ಆಗತ್ತೆ. ಮೇಲಾಗಿ ಸ್ಟಿಚ್ ಅಗಲ ಜಾಸ್ತಿ ಎತ್ತರ ಕಮ್ಮಿ, ಚೌಕಳಿ ಹಾಳೇಲಿ ಸರಿಯಿದ್ದ ಆನೆ ದಾರದಲ್ಲಿ ಹಂದಿಯಾಗಿ ಕುಳ್ಳಗೆ ಬರತ್ತೆ. ಆದ್ರೆ ನೇಗಿ ಹೊಲಿಗೆ ಬೇರೆ, ಅದು ನೇಯ್ದಂಗೆ ಅಡ್ಡಡ್ಡ ಎಳೆ ತುಂಬ್ಕೊಂಡು ಹೋಗೋದು, ಹಿಂದೆ ದಾರ ಬಿಡೋದು ಮುಂದೆ ಕಾಣ್ಸೋದು, ಅಂದ್ರೆ ನಾವು ಮಾಡೋ ಫ್ಲೋಟೇ ಅದು! ನೇಗಿಯಲ್ಲಿ ಬರೋಂಥ ಗಟ್ಟಿ ಆಕಾರ ಮಾತ್ರ ತಗೋಬೇಕು ಅಂತ ತೀರ್ಮಾನ ಆಯ್ತು. ಆನೆ ಔಟು. ತೆನಿಯ ಹಲ್ಲು ಮತ್ತೆ ಒಂದು ಪುಟ್ಟ ಗೋಪುರ ಮಾತ್ರ ಒಳಗೆ. ಎರಡಕ್ಕೂ 8 ಸ್ಟಿಚ್ಚಿನ ಅಳತೆ, ಸುತ್ತಲೂ ಅದೇ ಮತ್ತೆ ಮತ್ತೆ.

ಹಲ್ಲಿನ ಸಾಲು ಸುಲಭ, 7 ಕೆಂಪು 1 ಬಿಳಿ, ಮುಂದಿನ ಸುತ್ತು 5 ಕೆಂಪು 3 ಬಿಳಿ, ಆಮೇಲೆ 3 ಕೆಂಪು 5 ಬಿಳಿ, ಆಮೇಲೆ 1 ಕೆಂಪು 7 ಬಿಳಿ. ಕೆಂಪು ಬಿಳಿ ಎರಡೂ ಎದುರುಬದುರು ಚೂಪು ಹಲ್ಲು ಕಚ್ಚಿದಂಗೆ ಕಾಣತ್ತೆ. ಸ್ಕಾಟ್ಲೆಂಡಿನ ಮೇಲೆ ಶೆಟ್‌ಲ್ಯಾಂಡ್ ಕಡೆ ಫೇರ್ ಐಲ್ ಅಂತ ಒಂದು ಸಣ್ಣ ದ್ವೀಪ ಇದೆ, ಈ ಕೆಲಸಕ್ಕೆ ಹೆಸರು ಬಂದಿದ್ದೇ ಅಲ್ಲಿಂದ. ಅವರದ್ದೂ ಇದೇ ಲೆಕ್ಕ, ಒಂದು ಸುತ್ತಲ್ಲಿ ಎರಡೇ ಬಣ್ಣ, ಒಂದೇ ಬಣ್ಣ ತುಂಬಾ ಹೊತ್ತು ಓಡಬಾರ್ದು. ಎಷ್ಟು ಬಣ್ಣ ಕಂಡ್ರೂ ಯಾವ ಒಂದು ಸಾಲಲ್ಲೂ ಎರಡಕ್ಕಿಂತ ಜಾಸ್ತಿ ಇರಲ್ಲ, ಸಾಲು ಸಾಲಿಗೆ ಬದ್ಲಾಯಿಸ್ತಾರೆ ಅಷ್ಟೇ. ನಾನು ಗೋಪುರದ ಮೇಲೆ ಕೆಳಗೆ ಎರಡು ಕಡೆ ಸಾಸಿವೆ ಹಳದಿ ಚುಕ್ಕಿ ಸಾಲು ಇಟ್ಟೆ, ಇಳಕಲ್ ಸೀರೆ ಅಂಚಲ್ಲಿ ಚಿಕ್ಕಿ ಪರಾಸ್ ಅನ್ನೋ ಡಿಸೈನ್ ಇರತ್ತಲ್ಲ ಅದರ ನೆನಪಿಗೆ. ಅತ್ತೆಗೆ ಹಸಿರು ಹೋದ ದುಃಖ ಸ್ವಲ್ಪ ಕಮ್ಮಿಯಾಯ್ತು.

ಎರಡನೇ ಸಲ ದಾರ ಬದ್ಲಾಯಿಸ್ದೆ, ಉಣ್ಣೆ ಅಕ್ರಿಲಿಕ್ ಎರಡೂ ಬೆರೆಸಿದ್ದು, ಮೃದು ಇರ್ಬೇಕು, ಕತ್ತಿನ ಕೆಳಗಡೆ ಗುಂಡನಿಗೆ ಕೂದ್ಲೇ ಇಲ್ಲ. ಸ್ಯಾಂಪಲ್ ಮಾಡಿ ನೆನೆಸಿ ಬಿಳಿ ಕರ್ಚೀಫಲ್ಲಿ ಸುತ್ತಿಟ್ರೆ ಬೆಳಗ್ಗೆ ಕರ್ಚೀಫು ಗುಲಾಬಿ. ಕೆಂಪು ಬಣ್ಣ ಬಿಡ್ತಿದೆ. ಇಲ್ಲಿ ಸಿಟ್ಟು ಬಂದ್ರೂ ಒಳ್ಳೇದೇ ಆಯ್ತು, ಹೆಣೆದ್ಮೇಲೆ ಗೊತ್ತಾಗಿದ್ರೆ ಇಡೀ ಬಿಳಿ ಹೋಗ್ತಿತ್ತು. ಕೆಂಪು ಉಂಡೆ ಪೂರ್ತಿ ಬಿಚ್ಚಿ ಕುರ್ಚಿ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಹತ್ತಿ ದಾರ ಕಟ್ಟಿ, ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್, ಉಜ್ಜದೆ ಬರೀ ಅದ್ದಿ ಅದ್ದಿ ತೆಗ್ದೆ. ಉಜ್ಜಿದ್ರೆ ಉಣ್ಣೆ ಕಂಬಳಿ ಥರ ಕೂಡ್ಕೊಂಡ್ಬಿಡತ್ತೆ. ಐದನೇ ನೀರು ಬೆಳ್ಳಗೆ ಬಂತು. ನೆರಳಲ್ಲಿ ಎರಡು ದಿನ ಒಣಗಿಸಿ ಮತ್ತೆ ಉಂಡೆ. ಗುಂಡ ಆ ಲಡಿ ಕೆಳಗೆ ಕೂತು ಹನಿ ಬೀಳೋದು ನೆಕ್ತಿದ್ದ.

ಈ ಸಲ ಸ್ಯಾಂಪಲ್ ಎರಡು ಬಣ್ಣದಲ್ಲೇ ಮಾಡ್ದೆ, ಅದೂ ಸುತ್ತು ಹೆಣೆದಂಗೆ ಬರೋ ಹಾಗೆ. ಅಂದ್ರೆ ವಾಪಸ್ ಉಲ್ಟಾ ಸಾಲು ಹೆಣೆಯೋದೇ ಇಲ್ಲ, ಒಂದ್ ಸಾಲು ಸೀದಾ ಮುಗಿದ್ಮೇಲೆ ಕಡ್ಡಿಯ ಇನ್ನೊಂದು ತುದಿಗೆ ಸ್ಟಿಚ್ ಜಾರಿಸಿ, ದಾರ ಹಿಂದೆ ಸಡಿಲವಾಗಿ ತಂದು ಮತ್ತೆ ಸೀದಾ. ಎಷ್ಟೋ ಜನರ ಕೈ ಉಲ್ಟಾ ಸಾಲಲ್ಲಿ ಸಡಿಲ ಆಗತ್ತೆ, ನಂದೂ ಹಾಗೇ, ಮೊದಲನೇ ಸ್ಯಾಂಪಲ್ ಸುಳ್ಳು ಹೇಳಿದ್ದಕ್ಕೆ ಅದೂ ಒಂದು ಕಾರಣ. 4.5 ಮಿಲಿಮೀಟರ್ ಕಡ್ಡೀಲಿ 10 ಸೆಂಟಿಮೀಟರಿಗೆ 23 ಸ್ಟಿಚ್, 26 ಸಾಲು ಬಂತು. 88 ಹಾಕಿದ್ರೆ 38 ಸೆಂಟಿಮೀಟರ್ ಚಿಲ್ಲರೆ, 96 ಹಾಕಿದ್ರೆ ಹತ್ರ ಹತ್ರ 42. 37ರ ತಲೆಗೆ 38 ಸಾಕು ಅಂತ ಬುದ್ಧಿ ಹೇಳ್ತು, ಸೋಫಾಗೆ ಗುದ್ದಿದ ಗುಂಡ ನೆನಪಾದ, 96 ಹಾಕ್ದೆ. ಸಡಿಲ ಆದ್ರೆ ಜಾರತ್ತೆ, ಬಿಗಿಯಾದ್ರೆ ಪ್ರಾಣಸಂಕಟ. ಗುಂಡಿ ಇಟ್ಟು ಪಕ್ಕದಲ್ಲಿ ತೆರೆಯೋ ಹಾಗೆ ಮಾಡು ಅಂತ ನಮ್ಮೋರು ಅಂದ್ರು, ಗುಂಡಿ ಇಟ್ರೆ ಅದು ಗುಂಡನ ಹೊಟ್ಟೇಲಿರತ್ತೆ.

ಮೇಲೆ ಕೆಳಗೆ ಎರಡು ಸೀದಾ ಎರಡು ಉಲ್ಟಾ ರಿಬ್ಬಿಂಗ್, ಅಂದ್ರೆ ಉದ್ದುದ್ದ ಏಣು ಏಣಾಗಿ ಬರೋ ಅಂಚು, ಇಲ್ಲಿ ಒಂದೇ ಬಣ್ಣ ಇರೋದ್ರಿಂದ ಎಳ್ಕೊಳತ್ತೆ. ಕತ್ತಿನ ಬುಡದಲ್ಲಿ ಅವನ ಅಳತೆ 40, ಮೇಲೆ ಹೋದಂಗೆ ಸಣ್ಣ. ಸ್ಟಿಚ್ ಕೂಡಿಸಿ ಕಳೆದು ಮಾಡಿದ್ರೆ ಡಿಸೈನ್ ಲೆಕ್ಕ ತಪ್ಪತ್ತೆ, ಅದಕ್ಕೆ ಸ್ಟಿಚ್ 96 ಹಾಗೇ ಇಟ್ಟು ಕಡ್ಡಿ ಬದ್ಲಾಯಿಸ್ದೆ, ಕೆಳಗಿನ ರಿಬ್ 4.5ರಲ್ಲಿ, ಮೇಲಿನ ರಿಬ್ 3.75ರಲ್ಲಿ. ಕೆಳಗೆ 4 ಸೆಂಟಿಮೀಟರ್ ರಿಬ್, ಮಧ್ಯ 34 ಸಾಲು ಬಣ್ಣ, ಮೇಲೆ 5 ಸೆಂಟಿಮೀಟರ್ ರಿಬ್, ಒಟ್ಟು 22. ರಿಬ್ಬನ್ನ ಮೆಟ್ರೋದಲ್ಲೇ ಹೆಣೆದೆ, ನೋಡೋ ಅಗತ್ಯ ಇಲ್ಲ, ಯಶವಂತಪುರ ಬರೋಷ್ಟರಲ್ಲಿ ಮೂರು ಸುತ್ತು. ಬಣ್ಣದ ಭಾಗ ಮಾತ್ರ ಮನೇಲೇ, ಚೌಕಳಿ ಹಾಳೆ ಮುಂದಿಟ್ಕೊಂಡು, ಸಾಲಿಗೊಂದು ಪೆನ್ಸಿಲ್ ಗೀಟು ಹಾಕ್ತಾ.

ಇನ್ನು ಒಳಮಗ್ಗುಲು. ಇದಕ್ಕೇ ಈ ಸಲ ಅರ್ಧ ಟೈಮ್ ಹೋಗಿದ್ದು. ಬಣ್ಣ ಬದಲಾಯಿಸೋ ಮುಂಚೆ ಬಲಗಡೆ ಕಡ್ಡಿಯಲ್ಲಿರೋ ಸ್ಟಿಚ್ಚುಗಳನ್ನ ಬೆರಳಲ್ಲಿ ಅಗಲ ಸರಿಸ್ಬೇಕು, ಆಮೇಲೆ ಹೊಸ ಬಣ್ಣ ತರ್ಬೇಕು, ಆಗ ಫ್ಲೋಟಿಗೆ ಬೇಕಾದಷ್ಟು ದಾರ ಸಿಗತ್ತೆ. ಇಷ್ಟು ಗೊತ್ತಿದ್ರೂ ಮ್ಯಾಜಿಕ್ ಲೂಪಿನ ಎರಡು ಮಡಿಕೆ ಹತ್ರ ನನಗೆ ಬಿಗಿಯಾಗ್ತಾನೇ ಇತ್ತು. ಆಮೇಲೆ ಕೊಳವೆಯನ್ನೇ ಉಲ್ಟಾ ಮಾಡ್ಕೊಂಡೆ, ಒಳಮಗ್ಗುಲು ಹೊರಗೆ ಬರೋ ಹಾಗೆ, ಮತ್ತೆ ನನ್ನ ಹತ್ರದ ಅಂಚು ಬಿಟ್ಟು ಆಚೆ ಕಡೆ ಅಂಚಲ್ಲಿ ಹೆಣೆಯೋದು. ನನ್ ಕಣ್ಣಿಗೆ ಕಾಣೋದು ಸೀದಾ ಮಗ್ಗುಲೇ, ಹೆಣೆಯೋದೂ ಸೀದಾನೇ, ಆದ್ರೆ ಫ್ಲೋಟು ಹೊರಸುತ್ತಲ್ಲಿ ಓಡತ್ತೆ. ಹೊರಸುತ್ತು ಉದ್ದ, ಒಳಸುತ್ತು ಗಿಡ್ಡ, ಹಾಗಾಗಿ ಬೇಡ ಅಂದ್ರೂ ಫ್ಲೋಟ್ ಉದ್ದವಾಗೇ ಕೂರತ್ತೆ. ಸಣ್ಣ ಕೊಳವೆ ಹೆಣೆಯೋರು ಯಾರಾದ್ರೂ ಇದ್ರೆ ಇದನ್ನ ಮಾಡಿ ನೋಡಿ, ಮೊದಲ ಎರಡು ಸುತ್ತು ತಲೆ ತಿರುಗತ್ತೆ ಅಷ್ಟೇ.

7 ಸ್ಟಿಚ್ ಒಂದೇ ಬಣ್ಣ ಓಡೋ ಸಾಲಲ್ಲಿ ಹಿಂದಿನ ಫ್ಲೋಟ್ 3 ಸೆಂಟಿಮೀಟರ್ ಆಗತ್ತೆ, ಗುಂಡನ ಉಗುರು ಆರಾಮಾಗಿ ತೂರೋಷ್ಟು. ಅಲ್ಲಿ ಮಧ್ಯ ಒಂದ್ಸಲ ಎರಡು ದಾರ ಒಂದರ ಮೇಲೊಂದು ಹಾಯಿಸಿ ಸಿಕ್ಕಿಸ್ದೆ. ಸಿಕ್ಕಿಸೋ ಜಾಗ ಸಾಲಿಂದ ಸಾಲಿಗೆ ಒಂದೇ ಕಡೆ ಬರಬಾರ್ದು, ಬಂದ್ರೆ ಮುಂದೆ ಬಿಳಿ ಮೇಲೆ ಕೆಂಪು ಇಣುಕಿ ನೋಡತ್ತೆ, ನಂದು ಒಂದು ಕಡೆ ನೋಡ್ತಿದೆ. ಬಿಳಿ ದಾರ ಯಾವಾಗ್ಲೂ ಕೆಳಗಿಂದ ಬರೋ ಹಾಗೆ ಎಡಗೈಲಿ ಹಿಡ್ದೆ, ಕೆಂಪು ಬಲಗೈಲಿ ಮೇಲಿಂದ. ಕೆಳಗಿಂದ ಬರೋ ದಾರದ ಸ್ಟಿಚ್ ಒಂಚೂರು ದೊಡ್ಡದಾಗಿ ಮುಂದೆ ಎದ್ದು ಕಾಣತ್ತೆ, ಮಧ್ಯ ಮರೆತು ಅದಲು ಬದಲು ಮಾಡಿದ್ರೆ ಆ ಸಾಲುಗಳು ಮಂಕಾಗತ್ವೆ. ನಾನು ಒಂದಿನ ಫೋನಲ್ಲಿ ಮಾತಾಡ್ತಾ ಮಾಡಿದ ನಾಲ್ಕು ಸಾಲು ಬಿಚ್ಚಿದೆ. ಸುತ್ತು ಶುರುವಾಗೋ ಜಾಗದಲ್ಲಿ ಡಿಸೈನ್ ಒಂದು ಮೆಟ್ಲು ಏರಿದಂಗೆ ಕಾಣತ್ತೆ, ಸುತ್ತು ಅಂದ್ರೆ ನಿಜವಾಗಿ ಸುರುಳಿ ಅಲ್ವಾ, ಅದನ್ನ ಗಂಟಲ ಕೆಳಗೆ ಬರೋ ಹಾಗೆ ಬಿಟ್ಟೆ. ಅಲ್ಲಿ ನೋಡ್ಬೇಕು ಅಂದ್ರೆ ನೆಲದ ಮೇಲೆ ಮಲಗ್ಬೇಕು.

ಗಂಟು ಒಂದೂ ಹಾಕ್ಲಿಲ್ಲ. ದಾರದ ತುದಿಯೆಲ್ಲ ದಪ್ಪ ಸೂಜೀಲಿ ಹಿಂದಿನ ಅದೇ ಬಣ್ಣದ ಸ್ಟಿಚ್ಚಲ್ಲಿ ಓರೆಯಾಗಿ ಹಾಯಿಸಿ, ವಾಪಸ್ ತಂದು, ಕತ್ತರಿಸ್ದೆ. ಕೊನೇ ಅಂಚು ಮುಚ್ಚೋವಾಗ ದಪ್ಪ ಕಡ್ಡೀಲಿ ತುಂಬಾ ಸಡಿಲವಾಗಿ ಮುಚ್ದೆ, ರಿಬ್ ಎಷ್ಟೇ ಎಳ್ಕೊಂಡ್ರೂ ಅಂಚು ಎಳೆಯದಿದ್ರೆ ಪ್ರಯೋಜನ ಇಲ್ಲ. ಅರ್ಧ ಗಂಟೆ ನೆನೆಸಿ, ಟವೆಲಲ್ಲಿ ಸುರುಳಿ ಸುತ್ತಿ ಮೇಲೆ ನಿಂತು ನೀರು ತೆಗೆದು, ಒಣ ಟವೆಲ್ ಮೇಲೆ ಅಂಗೈಯಲ್ಲಿ ತಟ್ಟಿ ನೇರ ಮಾಡಿ ಬಿಟ್ಟೆ. ಒಣಗಿದ್ಮೇಲೆ ಅಲ್ಲಲ್ಲಿ ಇದ್ದ ಏರುಪೇರೆಲ್ಲ ತಾನೇ ಸಮ ಆಗಿತ್ತು. ಅಡುಗೆಮನೆ ತಕ್ಕಡೀಲಿ 72 ಗ್ರಾಂ.

ಅತ್ತೆ ಕೈಗೆ ಕೊಟ್ಟೆ. ಒಳಮಗ್ಗುಲು ತಿರುಗಿಸಿದ್ರು, ಕಿಟಕಿ ಹತ್ರ ಹೋದ್ರು, ಕನ್ನಡಕ ಹಾಕ್ಕೊಂಡ್ರು, ಬೆರಳಾಡಿಸಿದ್ರು. "ಚಲೋ ಐತಿ" ಅಂದು, ಒಂದು ಕಡೆ ಉಗುರಲ್ಲಿ ತಟ್ಟಿ "ಇಲ್ಲೊಂದು ಬಿಗಿ ಆಗೇತಿ" ಅಂದ್ರು. ಆಗಿತ್ತು. ಮುಂದೆ ಆಮೇಲೆ ನೋಡಿದ್ರು.

ಗುಂಡನಿಗೆ ಹಾಕೋವಾಗ ಈ ಸಲ ಹುಷಾರು. ಮೊದ್ಲು ಎರಡು ದಿನ ಬರೀ ಮೂಸಕ್ಕೆ ಬಿಟ್ಟು, ಮೂತಿ ತೂರಿಸ್ದಾಗೆಲ್ಲ ಒಂದು ಕಡಲೆಬೀಜ ಕೊಟ್ಟೆ, ಸರಿಯಾಗಿ ಬಸವನಗುಡೀಲಿ ಪರಿಷೆ ನಡೀತಿತ್ತು, ಮನೇಲಿ ಉಪ್ಪು ಹಾಕದ ಕಡಲೆಕಾಯಿ ರಾಶಿ ಇತ್ತು. ಮೂರನೇ ದಿನ ಅವನೇ ತಲೆ ಹಾಕ್ದ. ಸಲೀಸಾಗಿ ಕಿವಿ ದಾಟ್ತು, ಕತ್ತಲ್ಲಿ ಕೂತ್ಕೊಂತು, ಮೇಲಿನ ರಿಬ್ ಎಳೆದ್ರೆ ಕಿವಿ ಮೇಲೂ ಬರತ್ತೆ. ಬೆಲ್ಟು ಕುಂಚಿಗೆ ಒಳಗಲ್ಲ, ಹೊರಗೂ ಅಲ್ಲ, ವಾಕಿಂಗಿಗೆ ಎದೆಗೆ ಹಾಕೋ ಹಾರ್ನೆಸ್ ಮಾತ್ರ. ಬೆಲ್ಟು ಫ್ಲೋಟಿಗೆ ಉಜ್ಜತ್ತೆ, ಎಳೆದ್ರೆ ಎಲ್ಲಾ ಸೇರ್ಕೊಂಡು ಕತ್ತು ಹಿಡಿಯತ್ತೆ. ಒಬ್ಬನೇ ಇರೋವಾಗ ಹಾಕಲ್ಲ. ಬಿಸಿಲು ಬಂದ ತಕ್ಷಣ ತೆಗೀತೀವಿ, ನಾಯಿ ನಮ್ ಥರ ಮೈಯೆಲ್ಲ ಬೆವರಲ್ಲ, ನಾಲಿಗೆ ಚಾಚಿ ತೇಕಿಯೇ ಬಿಸಿ ಇಳಿಸ್ಕೋಬೇಕು, ಹತ್ತು ಗಂಟೆ ಮೇಲೆ ಉಲ್ಲನ್ ಅವನಿಗೆ ಶಿಕ್ಷೆ.

ಜನವರಿ ಎರಡನೇ ವಾರದಲ್ಲಿ ಒಂದು ರಿಪೇರಿ ಬಂತು. ಕಿವಿ ಕೆರ್ಕೊಳ್ತಾ ಉಗುರು ತಾಗಿ ಒಂದು ಬಿಳಿ ಫ್ಲೋಟು ಬೆರಳುದ್ದ ಎಳ್ಕೊಂಡು ಬಂದಿತ್ತು, ಮುಂದೆ ಅದೇ ಸಾಲಲ್ಲಿ ಐದಾರು ಬಿಳಿ ಸ್ಟಿಚ್ ಹಿಂಡಿದಂಗೆ. ಕತ್ತರಿಸ್ಲೇಬಾರ್ದು. ಮೊಂಡು ಸೂಜಿ ತಗೊಂಡು ಆ ಸಾಲಲ್ಲೇ ಪಕ್ಕದ ಬಿಳಿ ಸ್ಟಿಚ್ಚಿಗೆ ಸ್ವಲ್ಪ, ಅದರಾಚೆಗೆ ಸ್ವಲ್ಪ, ಹೀಗೆ ಎರಡೂ ಕಡೆಗೆ ಹಂಚ್ತಾ ಹೋದ್ರೆ ಎಳೆ ವಾಪಸ್ ಮನೆ ಸೇರತ್ತೆ, ಇಪ್ಪತ್ತು ನಿಮಿಷ ಹಿಡೀತು. ಅದೇ ದಿನ ನಮ್ಮೋರ ಹಳೇ ಟೀ ಶರ್ಟಿನ ಬಟ್ಟೆ ಕತ್ತರಿಸಿ ಬಣ್ಣದ ಭಾಗಕ್ಕೆ ಮಾತ್ರ ಒಳಗಡೆ ಲೈನಿಂಗ್ ಹೊಲಿದೆ, ಅಡ್ಡಕ್ಕೆ ಎಳೆಯೋ ದಿಕ್ಕು ಸುತ್ತಳತೆಗೆ ಬರೋ ಹಾಗೆ, ಕೈಹೊಲಿಗೆ, ಸಡಿಲ. ಟೀ ಶರ್ಟು ಹಳೇದಲ್ಲ ಅಂತ ಆಮೇಲೆ ಗೊತ್ತಾಯ್ತು. ಅತ್ತೆಗೆ ಲೈನಿಂಗ್ ಇಷ್ಟ ಆಗ್ಲಿಲ್ಲ. ಅಷ್ಟು ಚಲೋ ಹಿಂಬದಿ ಮುಚ್ಚಿಬಿಟ್ಟಿ ಅಂತ ಎರಡು ದಿನ ಅಂದ್ರು.

ನಿನ್ನೆ ಮೊದಲನೇ ಸಲ ಪೂರ್ತಿ ಒಗೆದೆ, ಮಳೆ ನೀರಿನ ಗುಂಡೀಲಿ ಮೂತಿ ಇಟ್ಟು ಬಂದಿದ್ದ. ಬಕೆಟ್ ನೀರು ಕಂದು ಬಣ್ಣ, ಅದು ಮಣ್ಣು. ಎರಡನೇ ನೀರು ತಿಳಿ. ಬಿಳಿ ಗೋಪುರ ಬಿಳಿಯಾಗೇ ಇದೆ, ಕೆಂಪು ಬಿಟ್ಟಿಲ್ಲ.